ಮಣ್ಣಾಗೋ ಗೋಂದಿನ ಪಾಡು

ಗೋಂದಿನ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವವರ ಹಣೆಬರಹವೇ ಅಷ್ಟು. ಅಂಟಬೇಕಾದ್ದು ಅಂಟುವುದಿಲ್ಲ, ಅಂಟಬಾರದ್ದು ಬಿಡುವುದಿಲ್ಲ. ತುಮಕೂರಿನ ಒಂದು ಸಣ್ಣ ಫ್ಯಾಕ್ಟರಿಯ ಲ್ಯಾಬಿನಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ವಾರಕ್ಕೊಂದಾದರೂ ನಗುವಂಥ ಸಂಗತಿ ನಡೆದೇ ನಡೆಯುತ್ತದೆ. ನಡೆಯುವ ಹೊತ್ತಿನಲ್ಲಿ ಮಾತ್ರ ನಗು ಬೇರೆಯವರಿಗೆ ಬರುತ್ತದೆ, ನನಗೆ ಬೆವರು ಬರುತ್ತದೆ. ಅದರಲ್ಲೂ ನಮ್ಮ ಮಾಲೀಕರು ಮಣ್ಣಿನಲ್ಲಿ ಕೊಳೆಯುವ ಗೋಂದು ಮಾಡಲು ಹೊರಟ ಆ ಆರು ತಿಂಗಳಿದೆಯಲ್ಲ, ಅದನ್ನು ಈಗ ನೆನೆಸಿಕೊಂಡರೆ ಬಸ್ಸಿನಲ್ಲಿ ಕೂತು ಒಬ್ಬಳೇ ನಗುತ್ತೇನೆ. ಪಕ್ಕದವರು ಸರಿದು ಕೂರುತ್ತಾರೆ.

ಅತ್ತೆಗೆ ಅರ್ಥವಾದದ್ದು

ನಾವು ಮಾಡುವುದು ಸ್ಕೂಲ್ ಮಕ್ಕಳ ಬಾಟಲಿ ಗೋಂದಲ್ಲ. ಕಲ್ಲುಸಕ್ಕರೆಯ ಹಾಗೆ ಗಟ್ಟಿ ಚೂರುಗಳು. ಬಿಸಿ ಮಾಡಿದರೆ ಕರಗುತ್ತವೆ, ಕರಗಿದ್ದನ್ನು ಒಂದು ಗೆರೆ ಎಳೆದು ಒತ್ತಿದರೆ ಎರಡು ಮೂರು ಸೆಕೆಂಡಿಗೆ ಆರಿ ಹಿಡಿದುಕೊಳ್ಳುತ್ತದೆ. ಬಿಸ್ಕತ್ತಿನ ರಟ್ಟಿನ ಡಬ್ಬ, ನೋಟ್ ಬುಕ್ಕಿನ ಬೆನ್ನು, ಸ್ವೀಟ್ ಬಾಕ್ಸು, ಎಲ್ಲದರ ಒಳಗೂ ಇದು ಇರುತ್ತದೆ, ಯಾರೂ ನೋಡುವುದಿಲ್ಲ. ನನ್ನ ಕೆಲಸವೂ ಹಾಗೇ ಇತ್ತು. ದಿನಾ ಬೆಳಿಗ್ಗೆ ಗೋಂದು ಎಷ್ಟು ಮಂದ, ಎಷ್ಟು ಡಿಗ್ರಿಗೆ ಕರಗುತ್ತದೆ ಅಂತ ನೋಡಿ ರಿಜಿಸ್ಟರಿನಲ್ಲಿ ಬರೆಯುವುದು. ಹನ್ನೊಂದು ವರ್ಷ ಅದೇ.

ಬೆಂಗಳೂರಿನ ಒಂದು ಊಟದ ಡಬ್ಬದ ಕಂಪನಿಯವರು ಒಂದು ದಿನ ನಮ್ಮ ಮಾಲೀಕರಿಗೆ ಫೋನ್ ಮಾಡಿದ್ದರು. ಅವರ ಡಬ್ಬ ಮಣ್ಣಿಗೆ ಹಾಕಿದರೆ ಗೊಬ್ಬರವಾಗುತ್ತದಂತೆ, ಆದರೆ ಡಬ್ಬಕ್ಕೆ ಹಾಕಿದ ಗೋಂದು ಮಾತ್ರ ಹಾಗೇ ಉಳಿಯುತ್ತದಂತೆ. ಡಬ್ಬದ ಜೊತೆ ತಾನೂ ಕೊಳೆಯುವ ಗೋಂದು ಮಾಡಿ ಕೊಡುತ್ತೀರಾ ಎಂದು ಕೇಳಿದ್ದರು. ಮಾಲೀಕರು ನನ್ನನ್ನು ಕರೆದರು. ಪಾಲಿಯೆಸ್ಟರ್‌ನಲ್ಲಿ ಕೊಳೆಯುವ ಜಾತಿಯವೂ ಇವೆ, ಅವನ್ನು ಕರಗಿಸಿದರೆ ಗೋಂದಿನ ಹಾಗೆ ಹಿಡಿಯುತ್ತವೆ ಎಂದು ನಾನು ಹೇಳಿದೆ. ಒಂದು ಜೋಳದಿಂದ ಮಾಡಿದ್ದು, ಗಾಜಿನ ಹಾಗೆ ಬಿರುಸು. ಇನ್ನೊಂದು ಮೇಣದ ಹಾಗೆ ಮೆತ್ತಗೆ. ಎರಡನ್ನೂ ಹದವಾಗಿ ಬೆರೆಸಿ, ಮರದ ರಾಳ ಸೇರಿಸಿದರೆ ಆಗಬಹುದು ಅಂದೆ. "ಆಗಬಹುದು ಅಲ್ಲ, ಆಗ್ಬೇಕು," ಎಂದರು ಮಾಲೀಕರು. "ಆರು ತಿಂಗಳು ಟೈಮ್ ಕೊಡ್ತೀನಿ. ಆಗ್ಲಿಲ್ಲ ಅಂದ್ರೆ ಲ್ಯಾಬಿಗೆ ಬೀಗ ಹಾಕಿ ನಿಮ್ಮನ್ನ ಡಿಸ್ಪ್ಯಾಚ್‌ಗೆ ಹಾಕ್ತೀನಿ."

ಡಿಸ್ಪ್ಯಾಚ್ ಅಂದರೆ ಲಾರಿ ಬಂದಾಗ ಮೂಟೆ ಎಣಿಸುವ ಕೆಲಸ. ಆದರೂ ನನಗೆ ಅವತ್ತು ಭಯಕ್ಕಿಂತ ಖುಷಿಯೇ ಹೆಚ್ಚಾಗಿತ್ತು. ಬಿ.ಎಸ್ಸಿ. ಓದಿದ ಮೇಲೆ ಮೊದಲ ಸಲ ಯಾರೋ ನನ್ನನ್ನು ಕೆಮಿಸ್ಟ್ರಿ ಕೇಳಿದ್ದರು.

ಶೆಟ್ಟಿಹಳ್ಳಿಯ ಮನೆಗೆ ಬಂದವಳೇ ಅತ್ತೆಯ ಮುಂದೆ ಕೂತೆ. ಅವರು ಅವರೆಕಾಯಿ ಸುಲಿಯುತ್ತಿದ್ದರು. ಇನ್ನು ಮೇಲೆ ಬೇರೆ ಥರ ಗೋಂದು ಮಾಡುತ್ತೇನೆ, ಬೇಕಾದಷ್ಟು ದಿನ ಗಟ್ಟಿಯಾಗಿ ಅಂಟಿಕೊಂಡಿರಬೇಕು, ಕೆಲಸ ಮುಗಿದ ಮೇಲೆ ಮಣ್ಣಿಗೆ ಹಾಕಿದರೆ ಒಂದು ಚೂರೂ ಉಳಿಯದೆ ಮಣ್ಣಾಗಬೇಕು, ತುಂಬಾ ಕಷ್ಟದ ಕೆಲಸ ಎಂದೆಲ್ಲ ವಿವರಿಸಿದೆ. ಅತ್ತೆ ಕಾಳು ಬಿಡಿಸುತ್ತಲೇ ಕೇಳಿಸಿಕೊಂಡರು.

"ಇದರಲ್ಲಿ ಹೊಸಾದೇನಿದೆಯೇ? ಮನುಷ್ಯರನ್ನ ದೇವರು ಹಂಗೇ ಅಲ್ವಾ ಮಾಡಿರೋದು," ಎಂದರು.

ಗಂಗೆ ಬಂದಳು

ಮಾಲೀಕರು ದೈವಭಕ್ತರು. ಹೊಸ ಮಾಲಿನ ಮೊದಲ ಬ್ಯಾಚು ಪೂಜೆಯಿಲ್ಲದೆ ಹೊರಡುವುದು ಅವರ ಫ್ಯಾಕ್ಟರಿಯಲ್ಲಿ ಸಾಧ್ಯವೇ ಇಲ್ಲ. ನನಗೂ ಪೂಜೆಯ ಮೇಲೆ ತಕರಾರಿಲ್ಲ, ನೀರಿನ ಮೇಲೆ ತಕರಾರಿತ್ತು. ಈ ಪಾಲಿಯೆಸ್ಟರ್ ಕಾಳುಗಳಿಗೆ ತೇವ ಅಂದರೆ ಆಗಿಬರುವುದಿಲ್ಲ. ಒದ್ದೆ ಇರುವಾಗ ಕಾಯಿಸಿದರೆ ಒಳಗೊಳಗೇ ತುಂಡಾಗಿ ಸತ್ವ ಕಳೆದುಕೊಳ್ಳುತ್ತವೆ. ಅದಕ್ಕೇ ಎಂಟು ಗಂಟೆ ಓವನ್‌ನಲ್ಲಿ ಒಣಗಿಸಿ, ಡ್ರಮ್ಮಿಗೆ ತುಂಬಿ, ಮುಚ್ಚಳ ಬಿಗಿದು ಇಟ್ಟಿದ್ದೆ.

ಪುರೋಹಿತರು ಬರುವ ಮುಂಚೆಯೇ ಮಾಲೀಕರ ಹತ್ತಿರ ಹೋಗಿ, ದಯವಿಟ್ಟು ಮಿಷಿನ್ ಮೇಲೆ ತೀರ್ಥ ಪ್ರೋಕ್ಷಣೆ ಬೇಡ ಅಂತ ಹೇಳಿ ಸರ್ ಎಂದೆ. ಅವರು ಹೇಳಿದರು. ಪುರೋಹಿತರು ವಯಸ್ಸಾದವರು, ಒಳ್ಳೆಯವರು, ಮರುಮಾತಾಡದೆ ಒಪ್ಪಿದರು. ನನಗೆ ನಿರಾಳವಾಯಿತು, ಕಾಫಿ ತರಿಸಲು ಹೋದೆ.

ವಾಪಸ್ ಬರುವಾಗ ಮಂತ್ರ ಮುಗಿಯುವ ಹಂತದಲ್ಲಿತ್ತು. ಮಿಷಿನ್‌ಗೆ ಅರಿಶಿನ ಕುಂಕುಮ, ಒಂದು ಮಾಲೆ, ಅಷ್ಟೇ. ಒಂದು ಹನಿ ನೀರಿಲ್ಲ. ಕೊಟ್ಟ ಮಾತು ಉಳಿಸಿಕೊಂಡಿದ್ದರು. ಆದರೆ ಮಿಷಿನ್‌ಗೆ ಬೇಡವಾದ ತೀರ್ಥ ಎಲ್ಲಾದರೂ ಹೋಗಲೇಬೇಕಲ್ಲ. ಡ್ರಮ್ಮಿನ ಮುಚ್ಚಳ ತೆಗೆಸಿ, ಕಾಳುಗಳ ಮೇಲೆ ಮಾವಿನೆಲೆಯಲ್ಲಿ ಮೂರು ಸಲ ಚಿಮುಕಿಸಿ, ಮೊದಲ ಸಲ ಮಾಡುತ್ತಿದ್ದಾರೆ, ಚೆನ್ನಾಗಿ ಆಗಲಿ ಅಂತ ಕಲಶದಲ್ಲಿ ಉಳಿದದ್ದನ್ನೂ ಪೂರ್ತಿ ಬಗ್ಗಿಸಿದ್ದರು.

ಮತ್ತೆ ಒಣಗಿಸೋಣ ಅಂದೆ. ಮುಹೂರ್ತ ಮೀರುತ್ತದೆ ಅಂದರು ಮಾಲೀಕರು. ಹಾಕಿದರು, ಕಾಯಿಸಿದರು. ದೋಸೆ ಹಿಟ್ಟಿನ ಹದಕ್ಕೆ ಬರಬೇಕಾದ ಗೋಂದು ಕೊಳಾಯಿ ತಿರುಗಿಸಿದರೆ ತಿಳಿಸಾರಿನ ಹಾಗೆ ಸುರಿಯಿತು. ಎರಡು ರಟ್ಟಿನ ಮಧ್ಯೆ ಹಚ್ಚಿ ಒತ್ತಿದರೆ ಎರಡೂ ರಟ್ಟು ಜಾರಿ ಬೇರೆ ಬೇರೆ ದಿಕ್ಕಿಗೆ ಹೋದವು. ಮಾಲೀಕರು ಕ್ಯಾಲೆಂಡರಿನ ಕಡೆ ನೋಡಿದರು. ಆರು ತಿಂಗಳಲ್ಲಿ ಹದಿನೈದು ದಿನ ಹೋಯಿತು ಅಂತ ನನಗೆ ಅರ್ಥವಾಯಿತು.

ತಡೆಯಲಾರದೆ ಪುರೋಹಿತರ ಹತ್ತಿರ ಹೋಗಿ, ನೀರು ಬಿದ್ದು ಗೋಂದು ಹರಿದು ಹೋಗ್ತಾ ಇದೆ ನೋಡಿ ಎಂದು ಹೇಳಿಕೊಂಡೆ. ಅವರು ಕನ್ನಡಕ ಏರಿಸಿ ಕೊಳಾಯಿಯ ಕಡೆ ನೋಡಿದರು. ಮುಖದಲ್ಲಿ ನಿಜವಾದ ಸಂತೋಷ.

"ಗಂಗೆಯನ್ನ ಆವಾಹನೆ ಮಾಡಿದ್ದೀನಲ್ಲಮ್ಮ," ಎಂದರು. "ಬಂದ ಮೇಲೆ ಹರೀದೆ ಇರ್ತಾಳಾ?"

ಲೇಬಲ್ಲು

ಎರಡನೇ ಬ್ಯಾಚು ಯಾರಿಗೂ ಹೇಳದೆ ಒಂದು ಮಂಗಳವಾರ ಮಾಡಿದೆವು. ಚೆನ್ನಾಗಿಯೇ ಬಂತು. ಗೋಂದು ತುಂಬುವ ಡಬ್ಬದ ಮೇಲೆ ಕನ್ನಡದಲ್ಲಿ ಹೆಸರು ಹಾಕಿಸಬೇಕು ಎಂದರು ಮಾಲೀಕರು. ನಮ್ಮನೆಯವರು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಅವರನ್ನು ಕೇಳಿದೆ. ಕೇಳಬಾರದಿತ್ತು. ಎರಡು ದಿನ ನಿಘಂಟು ಹಿಡಿದು ಕೂತು, ಮೂರನೇ ದಿನ ಅಚ್ಚುಕಟ್ಟಾಗಿ ಬರೆದುಕೊಟ್ಟರು: 'ಜೈವಿಕ ವಿಘಟನಶೀಲ ಬಹು ಎಸ್ಟರ್ ಮಿಶ್ರಿತ ಉಷ್ಣದ್ರವ ಬಂಧಕ.' ಮಾಲೀಕರಿಗೆ ಬಹಳ ಹಿಡಿಸಿತು. ಓದಿದರೆ ಮೈ ಜುಮ್ಮೆನ್ನುತ್ತೆ ಅಂತ ಹೇಳಿ ಅಚ್ಚು ಹಾಕಿಸಿಯೇ ಬಿಟ್ಟರು.

ಮೊದಲ ಡಬ್ಬ ಹೋದದ್ದು ಕುಣಿಗಲ್ಲಿಗೆ. ಅಲ್ಲಿ ಸ್ವೀಟ್ ಬಾಕ್ಸ್ ಮಾಡುವ ಒಬ್ಬರು ನಮ್ಮ ಹಳೇ ಗಿರಾಕಿ, ಯಾವುದೇ ಟ್ರಯಲ್ಲಿಗೂ ಇಲ್ಲ ಅನ್ನದವರು. ಪಾರ್ಸಲ್ ತಲುಪಿದ ದಿನವೇ ಫೋನ್ ಬಂತು. ಡಬ್ಬ ಬಂದಿದೆ, ಲೇಬಲ್ ಎರಡು ಸಲ ಓದಿದೆ ಮೇಡಂ ಎಂದರು. ಆಮೇಲೆ ದನಿ ತಗ್ಗಿಸಿ ಕೇಳಿದರು.

"ಊಟಕ್ಕೆ ಮುಂಚೆ ತಗೊಳೋದೋ, ಆಮೇಲೋ?"

ಅರಿಶಿನದ ದಾರ

ಆ ಕುಣಿಗಲ್ಲಿನ ಬಾಕ್ಸಿನವರಿಗೆ ಒಂದು ಮದುವೆಯ ಆರ್ಡರ್ ಇತ್ತು. ತಾಂಬೂಲದ ಜೊತೆ ಕೊಡುವ ಲಾಡಿನ ಬಾಕ್ಸು, ಮುನ್ನೂರು. ಹೆಣ್ಣಿನ ತಂದೆ ಪರಿಸರದ ವಿಷಯದಲ್ಲಿ ಆಸಕ್ತಿ ಇದ್ದವರು, ಪ್ಲಾಸ್ಟಿಕ್ ಬೇಡ ಅಂದಿದ್ದರು. ನಮ್ಮ ಗೋಂದಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಬೇಕೇ? ಮಾಲೀಕರು ನನ್ನನ್ನೂ ಮದುವೆಗೆ ಕಳಿಸಿದರು. ಜನ ಬಾಕ್ಸು ಹಿಡಿದುಕೊಂಡಿರುವ ಫೋಟೋ ತೆಗೆದು ತರಬೇಕು, ಬೆಂಗಳೂರಿನವರಿಗೆ ತೋರಿಸಬೇಕು. ರೇಷ್ಮೆ ಸೀರೆ ಉಟ್ಟು, ಮೊಬೈಲ್ ಚಾರ್ಜ್ ಮಾಡಿಕೊಂಡು, ಕುಣಿಗಲ್ ಬಸ್ ಹತ್ತಿದೆ.

ಬೇಸಿಗೆ. ಛತ್ರದ ಮುಂದೆ ನೆರಳಿರಲಿಲ್ಲ. ಲಾಡು ತುಂಬಿದ ಬಾಕ್ಸುಗಳನ್ನು ಒಂದು ಮುಚ್ಚಿದ ವ್ಯಾನಿನಲ್ಲಿ ತಂದು, ಊಟ ಶುರುವಾಗುವ ಹೊತ್ತಿಗೆ ಇಳಿಸೋಣ ಅಂತ ಬೆಳಿಗ್ಗೆಯಿಂದ ಬಿಸಿಲಿನಲ್ಲೇ ನಿಲ್ಲಿಸಿದ್ದರು. ಮೆತ್ತನೆಯ ಪಾಲಿಯೆಸ್ಟರ್ ನಾನು ಸ್ವಲ್ಪ ಜಾಸ್ತಿಯೇ ಹಾಕಿದ್ದೆ. ಅದು ಕರಗಲು ಬಹಳ ಬಿಸಿ ಬೇಕಾಗಿಲ್ಲ. ಮಧ್ಯಾಹ್ನದ ಬಿಸಿಲಿಗೆ ಕಾದ ತಗಡಿನ ವ್ಯಾನೇ ಸಾಕು. ಲ್ಯಾಬಿನಲ್ಲಿ ಎಲ್ಲ ಪರೀಕ್ಷೆ ಮಾಡಿದ್ದೆ, ಕುಣಿಗಲ್ಲಿನ ಬಿಸಿಲೊಂದನ್ನು ಬಿಟ್ಟು.

ವ್ಯಾನಿನ ಬಾಗಿಲು ತೆಗೆದಾಗ ನಾನು ಮೊಬೈಲ್ ಎತ್ತಿ ಹಿಡಿದುಕೊಂಡು ಎದುರಿಗೇ ನಿಂತಿದ್ದೆ. ಮುನ್ನೂರು ಬಾಕ್ಸೂ ನಾಲ್ಕು ದಿಕ್ಕಿಗೆ ಬಿಚ್ಚಿಕೊಂಡು, ತಾವರೆ ಅರಳಿದ ಹಾಗೆ ಮಲಗಿದ್ದವು. ಪ್ರತಿಯೊಂದರ ನಡುವೆ ಎರಡೆರಡು ಲಾಡು. ಮೇಲಿನ ಸಾಲಿನ ಕೆಲವು ಲಾಡು ಉರುಳಿಕೊಂಡು ನನ್ನ ಕಾಲ ಬಳಿ ಬಂದವು. ಹೆಣ್ಣಿನ ತಂದೆ ವ್ಯಾನನ್ನು ನೋಡಿದರು, ಬಾಕ್ಸಿನವರನ್ನು ನೋಡಿದರು. ಬಾಕ್ಸಿನವರು ನನ್ನನ್ನು ನೋಡಿದರು. ನನಗೆ ನೋಡಲು ಯಾರೂ ಉಳಿದಿರಲಿಲ್ಲ, ಲಾಡು ನೋಡಿದೆ.

ಅಳು ಬರುವುದರಲ್ಲಿತ್ತು. ಮನೆಯ ಮೊದಲ ಮದುವೆ ಅದು, ಆ ಮನುಷ್ಯ ಬೆಳಗ್ಗಿನಿಂದ ನೀರೂ ಕುಡಿಯದೆ ಓಡಾಡುತ್ತಿದ್ದರು. ಒಳಗಿನಿಂದ ಮದುವೆ ಹೆಣ್ಣಿನ ಅಜ್ಜಿ ಬಂದರು. ಏನಾಯಿತು ಅಂತ ಯಾರನ್ನೂ ಕೇಳಲಿಲ್ಲ. ಒಮ್ಮೆ ನೋಡಿ ಒಳಗೆ ಹೋಗಿ, ಪೂಜೆ ಸಾಮಾನಿನಿಂದ ಅರಿಶಿನ ಹಚ್ಚಿದ ದಾರದ ಉಂಡೆಗಳನ್ನು ತಂದು ಮೆಟ್ಟಿಲ ಮೇಲೆ ಕೂತರು. "ಸುಮ್ನೆ ನಿಂತ್ಕೊಂಡ್ರೆ ಆಯ್ತದಾ? ಕೂತ್ಕಳಿ, ಕಟ್ಟಿ," ಅಂದರು. ನಾನು ಕೂತೆ, ಬಾಕ್ಸಿನವರು ಕೂತರು, ವ್ಯಾನಿನ ಡ್ರೈವರ್ ಕೂತ. ಗಂಡಿನ ಕಡೆಯ ನಾಲ್ಕಾರು ಹೆಣ್ಣುಮಕ್ಕಳು ಏನೋ ಶಾಸ್ತ್ರ ನಡೆಯುತ್ತಿದೆ ಅಂದುಕೊಂಡು ತಾವೂ ಬಂದು ಕೂತರು. ಮೊದಲ ಪಂಕ್ತಿ ಏಳುವಷ್ಟರಲ್ಲಿ ಮುನ್ನೂರೂ ಬಾಕ್ಸು ಮತ್ತೆ ನಿಂತಿದ್ದವು, ಹಳದಿ ದಾರ ಸುತ್ತಿಕೊಂಡು, ಮೇಲೊಂದು ಗಂಟು ಹಾಕಿಸಿಕೊಂಡು.

ಜನ ಅದನ್ನು ಹೊಗಳಿದ್ದೇ ಹೊಗಳಿದ್ದು. ಎಷ್ಟು ಲಕ್ಷಣವಾಗಿದೆ, ಎಷ್ಟು ಸಂಪ್ರದಾಯಸ್ಥರು ಅಂತ. ಹೆಣ್ಣಿನ ತಂದೆಯ ಮುಖ ಆಗ ತಿಳಿಯಾಯಿತು. ಹೋಗುವಾಗ ನನಗೂ ಒಂದು ಬಾಕ್ಸು ಕೊಟ್ಟರು.

ವಾರದ ಮೇಲೆ ಬಾಕ್ಸಿನವರು ಫೋನ್ ಮಾಡಿದರು. ಆ ಮದುವೆಗೆ ಬಂದ ಮೂರು ಜನ ಪಾರ್ಟಿಗಳು ಅದೇ ಥರದ ಬಾಕ್ಸು ಬೇಕು ಅಂತ ಹಟ ಹಿಡಿದಿದ್ದಾರೆ ಎಂದರು. ನನಗೆ ಕಣ್ಣು ತುಂಬಿ ಬಂತು. ಈಗ ಹದ ಸರಿ ಮಾಡಿದ್ದೇನೆ, ಬಿರುಸು ಪಾಲಿಯೆಸ್ಟರ್ ಜಾಸ್ತಿ ಹಾಕಿದ್ದೇನೆ, ಬಿಸಿಲಿಗೆ ಬಿಚ್ಚುವುದಿಲ್ಲ, ಎಷ್ಟು ಕಿಲೋ ಗೋಂದು ಕಳಿಸಲಿ ಎಂದು ಕೇಳಿದೆ.

"ಗೋಂದು ಹಂಗಿರ್ಲಿ ಮೇಡಂ," ಅಂದರು. "ಆ ದಾರ ಎಲ್ಲಿ ಸಿಗುತ್ತೆ, ಆ ಅಜ್ಜೀನ ಕೇಳಿ ಹೇಳ್ತೀರಾ?"

ಪರೀಕ್ಷಕರು

ಹದ ಸರಿ ಮಾಡಿದ ಗೋಂದನ್ನು ತೆಗೆದುಕೊಂಡು ಗುಬ್ಬಿಗೆ ಹೋದೆ. ಗುಬ್ಬಿಯ ಪಕ್ಕದ ಒಂದು ಹಳ್ಳಿಯಲ್ಲಿ ಮಹಿಳಾ ಸಂಘದವರು ಮುತ್ತುಗದ ಎಲೆಯ ದೊನ್ನೆ ಮಾಡುತ್ತಾರೆ. ಎಲೆಗೆ ಎಲೆ ಸೇರಿಸಿ ಕಡ್ಡಿ ಚುಚ್ಚುವುದು ವಾಡಿಕೆ. ಅಡುಗೆ ಕಂಟ್ರಾಕ್ಟರುಗಳು ಕಡ್ಡಿ ಬಾಯಿಗೆ ಚುಚ್ಚುತ್ತದೆ ಅಂತ ದೂರು ಹೇಳುತ್ತಿದ್ದರಂತೆ. ಕಡ್ಡಿಯ ಬದಲು ನಮ್ಮ ಗೋಂದಿನ ಒಂದೊಂದು ಬೊಟ್ಟು ಇಟ್ಟರೆ ಹೇಗೆ ಎಂದು ನೋಡಲು ಹೋಗಿದ್ದೆ.

ಕೈಯಲ್ಲಿ ಹಿಡಿಯುವ ಗೋಂದಿನ ಗನ್ನು ಕೊಟ್ಟು ತೋರಿಸಿದೆ. ಅವರ ಕೈ ಬಹಳ ಚುರುಕು. ಅರ್ಧ ಗಂಟೆಯಲ್ಲಿ ಗೋಪುರದಷ್ಟು ದೊನ್ನೆ. ಸಂಘದ ಅಧ್ಯಕ್ಷೆ ಮಾತ್ರ ಗನ್ನು ಮುಟ್ಟದೆ ಪ್ರಶ್ನೆ ಕೇಳುತ್ತಾ ಕೂತಿದ್ದರು. ಇದು ಯಾತರಿಂದ ಮಾಡಿದ್ದು, ಬಿಸಿ ಪಾಯಸ ಹಾಕಿದರೆ ಬಿಡುತ್ತದಾ, ಹೊಟ್ಟೆಗೆ ಹೋದರೆ ಏನಾಗುತ್ತೆ. ಜೋಳದ ಅಂಶ ಇದೆ, ಮರದ ರಾಳ ಇದೆ, ವಿಷ ಏನೂ ಹಾಕಿಲ್ಲ, ಆದರೆ ತಿನ್ನಲು ಮಾಡಿದ್ದಲ್ಲ ಅಂತ ನಾನು ಹೇಳಿದೆ. "ಹಂಗಂದ್ರೆ ತಿನ್ಬೋದಾ, ತಿನ್ನಂಗಿಲ್ವಾ? ಒಂದು ಹೇಳಿ," ಎಂದರು. ಸರ್ಟಿಫಿಕೇಟ್ ಬರಬೇಕು, ಪರೀಕ್ಷೆ ಆಗಬೇಕು ಎಂದು ಉತ್ತರ ಹುಡುಕುತ್ತಿದ್ದೆ.

ಹಿಂದೆ ಕರಕರ ಸದ್ದಾಯಿತು. ಅಧ್ಯಕ್ಷೆಯ ಮೇಕೆ ಹಗ್ಗ ಬಿಡಿಸಿಕೊಂಡು ಬಂದು ದೊನ್ನೆಯ ಗೋಪುರವನ್ನು ಮೇಲಿನಿಂದ ಅರ್ಧ ಮುಗಿಸಿತ್ತು.

ಎಲ್ಲರೂ ಮೇಕೆಯನ್ನು ನೋಡಿದರು. ಆಮೇಲೆ ನನ್ನನ್ನು. ಅಧ್ಯಕ್ಷೆ ಮೇಕೆಯನ್ನು ಎಳೆದು ಕಂಬಕ್ಕೆ ಕಟ್ಟಿ, ಅದರ ಎದುರಿಗೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿದರು. "ಕೂತ್ಕಳಿ ಮೇಡಂ. ಸಂಜೆ ಗಂಟ ನೋಡಾನ. ಸರ್ಟಿಫಿಕೇಟ್ ಈಗ್ಲೇ ಬತ್ತದೆ," ಎಂದರು. ಸಿಟ್ಟಿನಿಂದಲ್ಲ, ನ್ಯಾಯವಾಗಿ. ಆ ಮೇಕೆ ಇನ್ನೊಂದು ತಿಂಗಳಿಗೆ ಮರಿ ಹಾಕುವುದಿತ್ತಂತೆ. ಅದನ್ನು ಕೇಳಿದ ಮೇಲೆ ನಾನು ಕುರ್ಚಿಯನ್ನು ಮೇಕೆಗೆ ಇನ್ನೂ ಹತ್ತಿರ ಎಳೆದುಕೊಂಡೆ.

ಮೂರು ಗಂಟೆ ನಾನು ಮೇಕೆಯನ್ನು ನೋಡಿದೆ, ಮೇಕೆ ನನ್ನನ್ನು ನೋಡಿತು. ತುಮಕೂರಿನ ಬಸ್ಸು ಒಂದು ಹೋಯಿತು, ಇನ್ನೊಂದು ಹೋಯಿತು. ನಾಲ್ಕರ ಹೊತ್ತಿಗೆ ಮೇಕೆ ಮಂಡಿಯೂರಿ ಮಲಗಿ ಕಣ್ಣು ಅರ್ಧ ಮುಚ್ಚಿತು, ಬಾಯಿ ಒಂದು ಪಕ್ಕಕ್ಕೆ ವಾಲಾಡತೊಡಗಿತು. ನಾನು ಎದ್ದು ನಿಂತುಬಿಟ್ಟೆ. ಬಾಯಿ ಸೊಟ್ಟಗಾಗ್ತಾ ಇದೆ, ಯಾರಾದ್ರೂ ದನದ ಡಾಕ್ಟರಿಗೆ ಫೋನ್ ಮಾಡಿ ಎಂದೆ. ಕಡ್ಡಿ ಚುಚ್ಚುತ್ತಿದ್ದ ಒಬ್ಬ ಮುದುಕಿ ತಲೆ ಎತ್ತಿ ನೋಡಿ, "ಮೆಲುಕು ಹಾಕ್ತಾ ಅದೆ ಕಣವ್ವ," ಅಂದಳು. ಸಂಘಕ್ಕೆ ಸಂಘವೇ ನಕ್ಕಿತು. ಬಿ.ಎಸ್ಸಿ.ಯಲ್ಲಿ ನಾನು ಝೂವಾಲಜಿ ತೆಗೆದುಕೊಂಡಿರಲಿಲ್ಲ.

ಮಾರನೇ ದಿನ ಅಧ್ಯಕ್ಷೆಯೇ ಫೋನ್ ಮಾಡಿದರು. ಮೇಕೆ ಗಟ್ಟಿಮುಟ್ಟಾಗಿದೆ, ಹಿಕ್ಕೆ ಸರಿಯಾಗಿ ಹಾಕಿದೆ ಎಂದು ವರದಿ ಒಪ್ಪಿಸಿದರು. ತಿಂಗಳ ಮೇಲೆ ಎರಡು ಮರಿ ಹಾಕಿದ ಸುದ್ದಿಯೂ ಬಂತು. ನಿಮ್ಮ ಗೋಂದು ಬೇಕು, ಬೇಗ ಕಳಿಸಿ ಎಂದರು. ಸರ್ಟಿಫಿಕೇಟ್ ಬರುವವರೆಗೆ ಕಾಯೋಣ, ಊಟದ ಸಾಮಾನು ಅಲ್ವಾ ಎಂದು ನಾನು ರಾಗ ಎಳೆದೆ.

"ನಮ್ ಮೇಕೆ ಪಾಸ್ ಮಾಡೈತೆ," ಎಂದರು ಅಧ್ಯಕ್ಷೆ. "ಇನ್ನೂ ಯಾರನ್ನ ಕೇಳ್ಬೇಕು ಅಂತಿದ್ದೀರಿ ನೀವು?"

ಏಳನೇ ಚೀಲ

ಆದರೆ ಬೆಂಗಳೂರಿನವರಿಗೆ ಮೇಕೆ ಸಾಕಾಗಲಿಲ್ಲ. ಗೋಂದು ಅಂಟುತ್ತದೆ ಎಂಬುದು ಸರಿ, ಕೊಳೆಯುತ್ತದೆ ಅನ್ನುವುದಕ್ಕೆ ಏನು ಸಾಕ್ಷಿ ಅಂತ ಕೇಳಿದರು. ದೊಡ್ಡ ಲ್ಯಾಬಿಗೆ ಕಳಿಸುವ ಮುಂಚೆ ನಾವೇ ಒಮ್ಮೆ ಹೂತು ನೋಡಬೇಕು. ಫ್ಯಾಕ್ಟರಿ ಅಂಗಳವೆಲ್ಲ ಸಿಮೆಂಟು. ಶೆಟ್ಟಿಹಳ್ಳಿಯ ನಮ್ಮ ಮನೆಯ ಹಿತ್ತಿಲಿನಲ್ಲಿ ಒಂದು ಗುಂಡಿ ತೆಗೆದೆ. ಸಗಣಿ, ಒಣ ಎಲೆ, ಅಡುಗೆಮನೆಯ ಸಿಪ್ಪೆ ತುಂಬಿ ಬಿಸಿ ಬರುವ ಹಾಗೆ ಮಾಡಿದೆ. ಗೋಂದಿನ ಪಟ್ಟಿಗಳನ್ನು ತೂಕ ಮಾಡಿ, ಹನ್ನೆರಡು ಪುಟ್ಟ ಬಲೆಯ ಚೀಲಗಳಲ್ಲಿ ಹಾಕಿ, ಒಂದೊಂದಕ್ಕೂ ನಂಬರಿನ ತಗಡು ಕಟ್ಟಿದೆ. ಕಟ್ಟಲು ಮನೆಯಲ್ಲಿ ಸಿಕ್ಕಿದ್ದು ಕೆಂಪು ದಾರ. ಅದು ಮೊದಲ ತಪ್ಪು.

ಹದಿನೈದು ದಿನಕ್ಕೊಮ್ಮೆ ಭಾನುವಾರ ಬೆಳಿಗ್ಗೆ, ತಲೆಗೆ ಸ್ನಾನ ಮಾಡಿ, ಕೂದಲು ಒಣಗಲು ಹಾಗೇ ಬಿಟ್ಟುಕೊಂಡು ಹಿತ್ತಿಲಿಗೆ ಹೋಗುತ್ತಿದ್ದೆ. ಅದು ಎರಡನೇ ತಪ್ಪು. ಬಿಸಿ ನೋಡಲು ಮೊಳದುದ್ದದ ಥರ್ಮಾಮೀಟರ್ ಕಡ್ಡಿಯನ್ನು ಗುಂಡಿಗೆ ಚುಚ್ಚಿ, ನಂಬರುಗಳನ್ನು ಬಾಯಲ್ಲಿ ಹೇಳಿಕೊಳ್ಳುತ್ತಾ, ಚೀಲಗಳನ್ನು ಒಂದೊಂದಾಗಿ ತೆಗೆದು ಮೂಸಿ, ತೂಗಿ, ಬರೆದುಕೊಂಡು ಮತ್ತೆ ಹೂಳುವುದು. ಗುಂಡಿಯಲ್ಲಿ ಹಿಂಡಿದ ನಿಂಬೆಹಣ್ಣಿನ ಹೋಳುಗಳೂ ಇದ್ದವು. ಅವು ಚಿತ್ರಾನ್ನ ಮಾಡಿದ ದಿನದವು. ಆದರೆ ಕಾಂಪೌಂಡ್ ಗೋಡೆಯ ಆಚೆಯಿಂದ ನೋಡುವವರಿಗೆ ಅದು ಹೇಗೆ ಗೊತ್ತಾಗಬೇಕು?

ನೋಡುತ್ತಿದ್ದವರು ಪಕ್ಕದ ಮನೆ ಆಂಟಿ. ಅತ್ತೆಗೆ ಹದಿನೈದು ವರ್ಷದ ಗೆಳತಿ. ಇಬ್ಬರೂ ಗೋಡೆಯ ಎರಡು ಪಕ್ಕ ನಿಂತು ಕರಿಬೇವು, ಸಾಂಬಾರು, ಸೊಸೆಯರ ಸಮಾಚಾರ ವಿನಿಮಯ ಮಾಡಿಕೊಳ್ಳುತ್ತಿದ್ದರು. ಆಂಟಿಯ ಮಗಳಿಗೆ ಗಂಡು ನೋಡುತ್ತಿದ್ದರು. ನಾನು ಗುಂಡಿ ತೆಗೆದ ಮೇಲೆ ಎರಡು ಸಂಬಂಧ ಕೂಡಿ ಬಂದಂತಾಗಿ ತಪ್ಪಿ ಹೋಗಿದ್ದವು. ಮೊದಲು ಕರಿಬೇವು ಬರುವುದು ನಿಂತಿತು. ಆಮೇಲೆ ಮಾತು ನಿಂತಿತು. ಅತ್ತೆ ಗೋಡೆಯ ಹತ್ತಿರ ನಿಂತರೆ ಆಂಟಿ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಅತ್ತೆ ಸೊರಗಿದರು. ನಾನೇನಾದರೂ ಅಂದೆನೇನೋ, ನೆನಪಿಗೇ ಬರ್ತಿಲ್ಲ ಎಂದು ಒಂದೇ ಸಮನೆ ಹಲುಬುತ್ತಿದ್ದರು. ನಮಗೆ ಯಾರಿಗೂ ಕಾರಣ ಹೊಳೆಯಲಿಲ್ಲ.

ಒಂದು ಭಾನುವಾರ ಅಗೆದರೆ ಹನ್ನೊಂದೇ ಚೀಲ. ಏಳನೆಯದು ಇಲ್ಲ. ಗುಂಡಿಯನ್ನೆಲ್ಲ ಜರಡಿ ಹಿಡಿದೆ. ಗೋಂದು ಕೊಳೆತು ಮಾಯವಾಗಬಹುದು, ತಗಡು ಎಲ್ಲಿ ಹೋಗುತ್ತದೆ? ಉಳಿದ ಹನ್ನೊಂದರಲ್ಲಿ ಪಟ್ಟಿಗಳು ತೂತು ಬಿದ್ದು, ಮುಟ್ಟಿದರೆ ಪುಡಿಯಾಗುವ ಹಾಗಿದ್ದವು. ಆರು ತಿಂಗಳ ಶ್ರಮ ಫಲ ಕೊಟ್ಟಿತ್ತು, ಆದರೆ ಲೆಕ್ಕ ತಪ್ಪಿದ ಪರೀಕ್ಷೆಯನ್ನು ಯಾರು ಒಪ್ಪುತ್ತಾರೆ ಎಂದು ತಲೆಯ ಮೇಲೆ ಕೈ ಹೊತ್ತು ಕೂತೆ.

ಅದಾಗಿ ನಾಲ್ಕು ದಿನಕ್ಕೆ ಆಂಟಿಯೇ ನಮ್ಮ ಮನೆಗೆ ಬಂದರು. ಕೈಯಲ್ಲಿ ಮೈಸೂರುಪಾಕು. ಮಗಳ ಮದುವೆ ಗೊತ್ತಾಗಿದೆ ಎಂದರು. ಅತ್ತೆ ಅವರ ಕೈ ಹಿಡಿದುಕೊಂಡು ಅತ್ತೇ ಬಿಟ್ಟರು. ಆಂಟಿಯೂ ಅತ್ತರು. ಅತ್ತ ಮೇಲೆ ಎಲ್ಲ ಹೇಳಿದರು.

ಗೋಡೆಯ ಮೇಲಿನಿಂದ ನನ್ನನ್ನು ನೋಡಿ, ಮಾಟ ಮಾಡುತ್ತಿದ್ದಾಳೆ ಅಂದುಕೊಂಡು ಮೊದಲು ಅವರಿಗೆ ಜೀವವೇ ಹೋದ ಹಾಗಾಗಿತ್ತಂತೆ. ಗೂಳೂರಿನ ಕಡೆ ಶಾಸ್ತ್ರ ಹೇಳುವವರೊಬ್ಬರನ್ನು ಕೇಳಿದರೆ, ಹೂತಿದ್ದರಲ್ಲಿ ಒಂದನ್ನಾದರೂ ತೆಗೆದು, ಮೂರು ದಾರಿ ಕೂಡುವಲ್ಲಿ ಎಸೆದು, ಹಿಂತಿರುಗಿ ನೋಡದೆ ಬನ್ನಿ ಎಂದರಂತೆ. ನಾವು ನೆಂಟರ ಮನೆಗೆ ಹೋದ ದಿನ ಅಂಕಲ್ ಗೋಡೆ ಹತ್ತಿ ಇಳಿದಿದ್ದಾರೆ. ರಿಟೈರಾದ ಹೆಡ್‌ಮಾಸ್ಟರು, ಮಂಡಿ ನೋವು ಬೇರೆ. ಇಳಿಯುವಾಗ ಪಂಚೆ ಗೋಡೆಯ ಗಾಜಿಗೆ ಸಿಕ್ಕಿ ಅಲ್ಲೇ ಉಳಿಯಿತಂತೆ. ಮೂರು ದಾರಿ ಕೂಡುವ ತನಕ ಟವಲಿನಲ್ಲೇ ಹೋಗಿ ಬಂದರಂತೆ. ಸರಿಯಾಗಿ ಎಂಟು ದಿನಕ್ಕೆ ಮದುವೆ ಗೊತ್ತಾಯಿತು.

"ನಿನ್ನ ಮೇಲೆ ಬೇಜಾರಿಲ್ಲ ಕಣಮ್ಮ," ಎಂದು ಆಂಟಿ ನನ್ನ ಗಲ್ಲ ಸವರಿದರು. "ನಿನಗೂ ಯಾರೋ ಮಾಡ್ಸಿದ್ರು ಅಂತ ಕಾಣುತ್ತೆ."

ನಾನು ರಿಜಿಸ್ಟರ್ ತಂದು, ಗೋಂದು ತೋರಿಸಿ, ಪಾಲಿಯೆಸ್ಟರ್‌ನಿಂದ ಹಿಡಿದು ಚಿತ್ರಾನ್ನದವರೆಗೆ ಎಲ್ಲ ವಿವರಿಸಿದೆ. ಆಂಟಿ ತಾಳ್ಮೆಯಿಂದ ಕೇಳಿದರು, ತಲೆಯಾಡಿಸಿದರು, ಒಂದಕ್ಷರವನ್ನೂ ನಂಬಲಿಲ್ಲ. ಆದರೆ ಮಾರನೇ ದಿನದಿಂದ ಕರಿಬೇವು ಬರತೊಡಗಿತು.

ಉಳಿದದ್ದು ರಿಪೋರ್ಟು. ಏಳನೇ ಚೀಲಕ್ಕೆ ಏನು ಬರೆಯಲಿ ಎಂದು ಮಾಲೀಕರನ್ನು ಕೇಳಿದೆ. ಅವರು ಸುಳ್ಳು ಬರೆಯಲು ಬಿಡುವವರಲ್ಲ. ಆದದ್ದನ್ನು ಆದ ಹಾಗೇ ಬರೀರಿ ಎಂದರು. ಬರೆದೆ: 'ಮಾದರಿ ಸಂಖ್ಯೆ ಏಳು: ನೆರೆಮನೆಯವರು ಮಗಳ ವಿವಾಹಕ್ಕೆ ಅಡ್ಡಿಯಾಗಿದೆ ಎಂಬ ಕಾರಣಕ್ಕೆ ತೆಗೆದು, ಮೂರು ದಾರಿ ಸೇರುವಲ್ಲಿ ಎಸೆದಿರುತ್ತಾರೆ. ತೂಕ ಲಭ್ಯವಿಲ್ಲ.'

ಬೆಂಗಳೂರಿನಿಂದ ಅವರ ಕ್ವಾಲಿಟಿ ಮ್ಯಾನೇಜರ್ ಬಂದರು. ತೆಳ್ಳಗಿನ ಮನುಷ್ಯ, ದಪ್ಪ ಕನ್ನಡಕ, ನಗು ಎಂಬುದನ್ನು ಮುಖ ಕಂಡೇ ಇಲ್ಲವೇನೋ ಅನ್ನುವ ಹಾಗಿದ್ದರು. ಗುಂಡಿ ನೋಡಬೇಕು ಎಂದರು. ಮಾಲೀಕರೂ ನಾನೂ ಮನೆಗೆ ಕರೆದುಕೊಂಡು ಬಂದೆವು. ಚೀಲಗಳನ್ನು ನೋಡಿದರು, ಪಟ್ಟಿಗಳನ್ನು ಬೆರಳಲ್ಲಿ ಪುಡಿ ಮಾಡಿ ನೋಡಿದರು, ವರಾಂಡದಲ್ಲಿ ಕೂತು ರಿಪೋರ್ಟನ್ನು ಮೊದಲಿನಿಂದ ಓದಿದರು. ಏಳನೇ ಸಾಲಿಗೆ ಬಂದಾಗ ನಿಂತರು. ಮತ್ತೆ ಓದಿದರು. ಮಾಲೀಕರು ಮೇಲೆ ಫ್ಯಾನ್ ನೋಡತೊಡಗಿದರು. ನಾನು ಮನಸ್ಸಿನಲ್ಲೇ ಡಿಸ್ಪ್ಯಾಚಿನ ಮೂಟೆ ಎಣಿಸತೊಡಗಿದೆ.

ಹನ್ನೊಂದು ಮಾದರಿಯ ರಿಸಲ್ಟ್ ಚೆನ್ನಾಗಿದೆ, ದೊಡ್ಡ ಲ್ಯಾಬಿಗೆ ಕಳಿಸೋಣ, ಅಲ್ಲಿ ಪಾಸಾದರೆ ಆರ್ಡರ್ ನಿಮ್ಮದೇ ಎಂದು ಹೇಳಿ ಸಹಿ ಹಾಕಿದರು. ಮಾಲೀಕರು ಸಂತೋಷ ತಡೆಯಲಾರದೆ ಫೋನ್ ಮಾಡಲು ಹೊರಗೆ ಹೋದರು. ಅವರು ಆಚೆ ಹೋಗುವುದನ್ನೇ ಕಾಯುತ್ತಿದ್ದ ಹಾಗೆ ಆ ಮನುಷ್ಯ ನನ್ನ ಕಡೆ ಬಗ್ಗಿದರು.

"ಏಳನೇದು ಎಸೆದ ಮೇಲೆ ಮದ್ವೆ ಗೊತ್ತಾಯ್ತಾ? ಎಷ್ಟು ದಿನಕ್ಕೆ?"

ಎಂಟು ದಿನಕ್ಕೆ ಎಂದೆ.

ರಿಪೋರ್ಟನ್ನು ನಿಧಾನವಾಗಿ ಬ್ಯಾಗಿಗೆ ಹಾಕಿಕೊಂಡರು. ತಮ್ಮ ತಮ್ಮನಿಗೆ ಮೂವತ್ತೆಂಟು ವರ್ಷ, ನೋಡದ ಕಡೆ ಇಲ್ಲ, ಅಮ್ಮ ಊಟ ಬಿಟ್ಟಿದ್ದಾರೆ ಎಂದರು. ಉಳಿದ ಹನ್ನೊಂದರಲ್ಲಿ ಒಂದು ಚೀಲ ಕೊಡಲು ಸಾಧ್ಯವೇ, ರಿಪೋರ್ಟಿನಲ್ಲಿ ಅದನ್ನು ಹೇಗಾದರೂ ಸರಿದೂಗಿಸೋಣ ಎಂದರು. ನಾನು ಎಂಟನೇ ನಂಬರಿನ ಚೀಲ ತಂದುಕೊಟ್ಟೆ. ಜೇಬಿಗೆ ಇಟ್ಟುಕೊಂಡು ಗೇಟಿನವರೆಗೆ ಹೋದವರು, ಏನೋ ನೆನಪಾಗಿ ವಾಪಸ್ ಬಂದರು.

"ಬೆಂಗಳೂರಲ್ಲಿ ಮೂರು ದಾರಿ ಸೇರೋ ಕಡೆಯೆಲ್ಲ ಸಿಗ್ನಲ್ಲು, ಕ್ಯಾಮೆರಾ. ಕಸ ಎಸೆದ್ರೆ ಫೈನ್ ಹಾಕ್ತಾರೆ," ಎಂದರು. "ನಿಮ್ಮ ಅಂಕಲ್ ಎಸೆದ್ರಲ್ಲ, ಆ ಜಾಗ ಎಲ್ಲಿ ಬರುತ್ತೆ ಮೇಡಂ?"